ರೀಬೂಟ್ ಮಾಡಿದ್ರೆ ಸಾಲದು

"ಪ್ಯಾಚ್ ಹಾಕಿದೀವಿ ಸಾರ್, ಎಲ್ಲಾ ವಿಎಂ ರೀಬೂಟೂ ಮಾಡಿದೀವಿ." ವಿಎಂ ಅಂದರೆ ವರ್ಚುಯಲ್ ಮಷೀನ್, ಒಂದು ಸರ್ವರ್ ಒಳಗೆ ತಂತ್ರಾಂಶದಿಂದ ಓಡುವ ಕಂಪ್ಯೂಟರ್; ಪ್ಯಾಚ್ ಅಂದರೆ ದೋಷ ಮುಚ್ಚುವ ತೇಪೆ. ಈ ಮಾತು ಕೇಳಿದರೆ ನನಗೆ ತಲೆಬಿಸಿ ಜಾಸ್ತಿಯಾಗುತ್ತದೆ. 2015ರಲ್ಲಿ ವೆನಮ್ ಬಂದಾಗಿನಿಂದ ಕೇಳುತ್ತಲೇ ಇದ್ದೇನೆ.

ವೆನಮ್ ನೆನಪಿದೆ ಅಲ್ವಾ? ಆ ವರ್ಷದ ಮೇ ತಿಂಗಳಲ್ಲಿ ಕ್ರೌಡ್‌ಸ್ಟ್ರೈಕ್‌ನ ಜೇಸನ್ ಗೆಫ್ನರ್ ಹೊರಗೆಡವಿದ ದೋಷ. ವಿಎಂ ಓಡಿಸುವ ಕ್ಯೂಎಮು ತಂತ್ರಾಂಶದ ಫ್ಲಾಪಿ ಕಂಟ್ರೋಲರ್ ಕೋಡ್‌ನಲ್ಲಿ 2004ರಿಂದ ಸುಮ್ನೆ ಕೂತಿತ್ತು. 512 ಬೈಟ್‌ನ ಬಫರ್, ಅಂದರೆ ಡೇಟಾ ತಾತ್ಕಾಲಿಕವಾಗಿ ಇಡುವ ಜಾಗ. ಎರಡು ನಿರ್ದಿಷ್ಟ ಕಮಾಂಡ್‌ಗಳ ನಂತರ ಎಣಿಕೆ ಸೊನ್ನೆಗೆ ಮರಳುತ್ತಿರಲಿಲ್ಲ, ಬರೆಯುತ್ತಾ ಹೋದರೆ ಆಚೆ ಚೆಲ್ಲುತ್ತಿತ್ತು. ಗೆಸ್ಟ್‌ನಲ್ಲಿ (ವಿಎಂ ಒಳಗೆ) ರೂಟ್, ಅಂದರೆ ಪೂರ್ತಿ ಅಧಿಕಾರ, ಸಿಕ್ಕವನು ಅದೇ ದಾರಿಯಲ್ಲಿ ಹೋಸ್ಟ್‌ಗೆ (ವಿಎಂಗಳನ್ನು ಹೊತ್ತ ಸರ್ವರ್‌ಗೆ) ನುಗ್ಗುವ ಭಯ. ವಿಎಂ ಓಡಿಸುವ ತಂತ್ರಾಂಶಗಳಲ್ಲಿ ಕೆವಿಎಂ, ಝೆನ್, ವರ್ಚುಯಲ್‌ಬಾಕ್ಸ್‌ಗೆ ತಗುಲಿತು. ವಿಎಂವೇರ್, ಹೈಪರ್-ವಿ ಬಚಾವಾದವು. "ನಮ್ಮಲ್ಲಿ ಫ್ಲಾಪಿನೇ ಇಲ್ವಲ್ಲ" ಎಂದವರೂ ಇದ್ದರು. ಫ್ಲಾಪಿ ತೆಗೆದಿದ್ದರೂ ಝೆನ್, ಕ್ಯೂಎಮುಗಳಲ್ಲಿ ಆ ಕೋಡ್‌ಗೆ ಜೀವ ಇತ್ತು.

ಅದಿರಲಿ. ಪ್ಯಾಚ್ ಬದಲಿಸುವುದು ಡಿಸ್ಕ್ ಮೇಲಿನ ಫೈಲನ್ನು. ನಿಮ್ಮ ವಿಎಂ ಓಡುತ್ತಿರುವುದು ಹೋಸ್ಟ್‌ನ ಮೆಮೊರಿಯಲ್ಲಿರುವ ಹಳೇ ಕ್ಯೂಎಮು ಪ್ರೋಸೆಸ್‌ನಲ್ಲಿ (ಓಡುತ್ತಿರುವ ಪ್ರೋಗ್ರಾಂನಲ್ಲಿ). ಗೆಸ್ಟ್ ಒಳಗೆ ರೀಬೂಟ್ ಒತ್ತಿದರೆ ಗೆಸ್ಟ್ ಮಾತ್ರ ಹೊಸದಾಗಿ ಏಳುತ್ತದೆ. ಹೊರಗಿನ ಪ್ರೋಸೆಸ್ ಅದೇ, ಕೋಡ್ ಅದೇ, ತೂತೂ ಅದೇ. ಬಾಡಿಗೆದಾರ ಮಲಗಿ ಎದ್ದರೆ ಮನೆಯ ಗೋಡೆ ರಿಪೇರಿಯಾಗುತ್ತದಾ? ವಿಎಂ ಪೂರ್ತಿ ಆಫ್ ಆಗಬೇಕು, ಆಮೇಲೆ ಆನ್ ಆಗಬೇಕು. ಇಲ್ಲವೇ ಪ್ಯಾಚ್ ಆದ ಬೇರೆ ಹೋಸ್ಟ್‌ಗೆ ಲೈವ್ ಮೈಗ್ರೇಟ್ ಮಾಡಬೇಕು, ಅಂದರೆ ಆಫ್ ಮಾಡದೆಯೇ ಸಾಗಿಸಬೇಕು.

ಒಂದು ಕಚೇರಿಯ ಅಡ್ಮಿನ್ ಹುಡುಗ, ತುಂಬಾ ಶ್ರದ್ಧೆಯವನು, ಮೂರು ಸಲ ರೀಬೂಟ್ ಮಾಡಿ ಕೂತಿದ್ದ. ಹೋಸ್ಟ್‌ನಲ್ಲಿ ಪ್ರೋಸೆಸ್ ಶುರುವಾದ ದಿನ ತೋರಿಸು ಎಂದೆ. ಹಿಂದಿನ ವರ್ಷದ ಆಯುಧ ಪೂಜೆ ಟೈಮು! ಸರ್ವರ್ ಒರೆಸಿ ಕುಂಕುಮ ಹಚ್ಚಲು ಅವತ್ತು ಆಫ್ ಮಾಡಿದ್ದರಂತೆ. "ಹಾಗಾದ್ರೆ ಈ ಸಲದ ಪೂಜೆವರೆಗೆ ಕಾಯಬಹುದಾ ಸಾರ್?" ಎಂದ. ಬೈಯಲು ಮನಸ್ಸಾಗಲಿಲ್ಲ. ರಾತ್ರಿ ಕೂತು ಇಬ್ಬರೂ ಒಂದೊಂದೇ ಆಫ್ ಮಾಡಿದೆವು.

ನೀವೂ ಪ್ರೋಸೆಸ್ ಶುರುವಾದ ಸಮಯ ನೋಡಿ, ಅದು ಪ್ಯಾಚ್ ಹಾಕಿದ ಮೇಲಿನದ್ದಾಗಿರಬೇಕು. ಪ್ರೋಸೆಸ್‌ನ ಫೈಲ್ ಮುಂದೆ 'ಡಿಲೀಟೆಡ್' ಎಂದಿದ್ದರೆ ಹಳೆಯದೇ ಓಡುತ್ತಿದೆ. ಕ್ಲಸ್ಟರ್ (ಒಟ್ಟಾಗಿ ಕೆಲಸ ಮಾಡುವ ಹಲವು ಸರ್ವರ್) ಇದ್ದರೆ ವಿಷಯ ಸ್ವಲ್ಪ ಬೇರೆ. ನಿಮ್ಮ ಸೆಟಪ್ ನೋಡದೆ ನಾನು ಹೇಳಲಾರೆ. ಡೇಟಾಬೇಸ್ ವಿಎಂ ಆದರೆ ಮೊದಲು ಬ್ಯಾಕಪ್ ನೋಡಿಕೊಳ್ಳಿ.