ಹೆಸರು ಬದಲಿಸಿದ ಮಾತ್ರಕ್ಕೆ ವಿಡಿಯೊ ಬದಲಾಗದು

ಪ್ರಶ್ನೆ: ಶಾಲೆಯ ವಾರ್ಷಿಕೋತ್ಸವದ ವಿಡಿಯೊಗಳನ್ನೆಲ್ಲ ಎಂಪಿ4 ಮಾಡಿ ನಮ್ಮ ಜಾಲತಾಣಕ್ಕೆ ಏರಿಸಿದ್ದೇನೆ. ಆದರೂ ಕೆಲವರಿಗೆ ಧ್ವನಿ ಮಾತ್ರ ಕೇಳಿಸುತ್ತದೆ, ಚಿತ್ರ ಬರುವುದಿಲ್ಲ. ಶೇರ್ಡ್ ಹೋಸ್ಟಿಂಗ್‌ನಲ್ಲೇ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಪರಿವರ್ತಕ ಹಾಕಿಕೊಂಡು ಪರಿವರ್ತಿಸಬಹುದೇ?

ಉತ್ತರ: ಅದು ಆಗುವ ಕೆಲಸವಲ್ಲ. ನಿಮ್ಮ ತಾಣವಿರುವ ಯಂತ್ರದಲ್ಲೇ ಇನ್ನೂ ನೂರಾರು ತಾಣಗಳಿರುತ್ತವೆ. ವಿಡಿಯೊ ಪರಿವರ್ತನೆಯೋ, ಸಿಕ್ಕಷ್ಟು ಪ್ರೊಸೆಸರನ್ನು ನುಂಗುವ ಕೆಲಸ. ಆದ್ದರಿಂದಲೇ ಹೆಚ್ಚಿನ ಹೋಸ್ಟಿಂಗ್‌ನವರು ಪಿಎಚ್‌ಪಿಯಿಂದ (ತಾಣ ನಡೆಸುವ ಪ್ರೋಗ್ರಾಮಿಂಗ್ ಭಾಷೆ) ಹೊರಗಿನ ಪ್ರೋಗ್ರಾಮ್ ಓಡಿಸುವ ಸೌಲಭ್ಯವನ್ನೇ ಮುಚ್ಚಿಟ್ಟಿರುತ್ತಾರೆ. ‘ಅನ್‌ಲಿಮಿಟೆಡ್’ ಎಂದು ಜಾಹೀರಾತಿನಲ್ಲಿ ಬರೆದಿರುವುದು ಜಾಗಕ್ಕೆ, ಪ್ರೊಸೆಸರಿಗಲ್ಲ. ಷರತ್ತುಗಳನ್ನು ಓದಿದರೆ ಅನೇಕ ಸಲ ಜಾಗಕ್ಕೂ ಅಲ್ಲ.

ಈಗ ‘ಎಂಪಿ4 ಮಾಡಿದ್ದೇನೆ’ ಎಂಬ ಮಾತಿಗೆ ಬರೋಣ. ಹೇಗೆ ಮಾಡಿದಿರಿ ಎಂದು ಕೇಳಿದಾಗಲೆಲ್ಲ ನನಗೆ ಸಿಗುವ ಉತ್ತರ ಒಂದೇ: ಕಡತದ ಹೆಸರಿನ ಕೊನೆಯಲ್ಲಿದ್ದ ‘ಎಂಒವಿ’ ಅಳಿಸಿ ‘ಎಂಪಿ4’ ಎಂದು ಬರೆದೆ. ರಾಗಿ ಡಬ್ಬಕ್ಕೆ ಅಕ್ಕಿಯ ಚೀಟಿ ಅಂಟಿಸಿದರೆ ಒಲೆಯ ಮೇಲೆ ಅನ್ನ ಆಗುವುದಿಲ್ಲ ಸ್ವಾಮಿ! ಎಂಪಿ4 ಎನ್ನುವುದು ಬರೀ ಡಬ್ಬ. ಒಳಗಿರುವ ಚಿತ್ರವನ್ನು ಯಾವ ಕೋಡೆಕ್‌ನಲ್ಲಿ, ಅಂದರೆ ಯಾವ ವಿಧಾನದಲ್ಲಿ, ಅಡಕಗೊಳಿಸಿದ್ದಾರೆ ಎಂಬುದು ಬೇರೆಯೇ ವಿಷಯ. 2017ರಲ್ಲಿ ಐಒಎಸ್ 11 ಬಂದ ಮೇಲೆ ಐಫೋನ್‌ಗಳು ಎಚ್‌ಇವಿಸಿ ಎಂಬ ಕೋಡೆಕ್ ಬಳಸತೊಡಗಿದವು. ಈಗ ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲೂ ಅದಿದೆ. ಕಡತ ಚಿಕ್ಕದಾಗುತ್ತದೆ, ನಿಜ. ಆದರೆ ಎಲ್ಲ ಕಂಪ್ಯೂಟರುಗಳ ಬ್ರೌಸರುಗಳೂ ಅದನ್ನು ಬಿಡಿಸಲಾರವು. ಧ್ವನಿಯ ಕೋಡೆಕ್ ಮಾತ್ರ ಸಾಮಾನ್ಯವಾಗಿ ಎಎಸಿ, ಅದು ಎಲ್ಲೆಡೆ ನಡೆಯುತ್ತದೆ. ನಿಮ್ಮ ವಾರ್ಷಿಕೋತ್ಸವ ಕೆಲವರ ಪಾಲಿಗೆ ಆಕಾಶವಾಣಿ ಆದದ್ದು ಹೀಗೆ.

‘ನಾನು ಹೆಸರು ಬದಲಿಸಿದಾಗ ಸರಿಯಾಗಿಯೇ ಓಡಿತಲ್ಲ’ ಎನ್ನುವವರು ಇದ್ದೇ ಇರುತ್ತಾರೆ. ಓಡಿರಬಹುದು. ಎಂಪಿ4 ರೂಪುಗೊಂಡದ್ದೇ ಆ್ಯಪಲ್‌ನ ಕ್ವಿಕ್‌ಟೈಮ್ (ಅದೇ ಎಂಒವಿ) ಕಡತದ ವಿನ್ಯಾಸವನ್ನು ಆಧರಿಸಿ. ಎರಡೂ ಒಂದೇ ಮನೆತನದವು. ಒಳಗೆ ಹಳೆಯ ಎಚ್.264 ಕೋಡೆಕ್ ಇದ್ದರೆ ಹೊರಗಿನ ಹೆಸರು ಏನಿದ್ದರೂ ಸಾಮಾನ್ಯವಾಗಿ ನಡೆಯುತ್ತದೆ. ಅದು ಮೊದಲೂ ಓಡುತ್ತಿತ್ತು, ಈಗಲೂ ಓಡುತ್ತಿದೆ. ನೀವು ಮಾಡಿದ್ದು ಏನೂ ಇಲ್ಲ. ಇನ್ನು ವಿಎಲ್‌ಸಿ ಎಂಬ ಪ್ಲೇಯರಿನಲ್ಲಿ ಓಡಿತು ಎಂಬುದು ಸಾಕ್ಷಿಯೇ ಅಲ್ಲ. ಅದು ಹೆಸರನ್ನು ನಂಬಿ ಕೂರದೆ ಒಳಗೆ ಇಣುಕಿ ನೋಡುತ್ತದೆ, ಎಚ್‌ಇವಿಸಿಯನ್ನೂ ಬಿಡಿಸುತ್ತದೆ. ಅನುಮಾನವಿದ್ದರೆ ಅದೇ ವಿಎಲ್‌ಸಿಯ ‘ಟೂಲ್ಸ್’ ಪಟ್ಟಿಯಲ್ಲಿ ‘ಕೋಡೆಕ್ ಇನ್ಫರ್ಮೇಶನ್’ ತೆರೆಯಿರಿ. ಒಳಗಿನ ಸರಕಿನ ನಿಜವಾದ ಹೆಸರು ಅಲ್ಲಿದೆ.

ಪರಿವರ್ತನೆಯನ್ನು ನಿಮ್ಮ ಮನೆಯ ಕಂಪ್ಯೂಟರಿನಲ್ಲೇ ಮುಗಿಸಿ. ಅದಕ್ಕೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶವಿದೆ. ‘ಫಾಸ್ಟ್ 720ಪಿ30’ ಆಯ್ಕೆ ಎಚ್.264 ಚಿತ್ರ, ಎಎಸಿ ಧ್ವನಿ ಎರಡನ್ನೂ ಕೊಡುತ್ತದೆ. ಶಾಲೆಯ ನೃತ್ಯಕ್ಕೆ ಅದು ಧಾರಾಳ ಸಾಕು. ಏರಿಸುವಾಗ ಎಫ್‌ಟಿಪಿ (ಕಡತವನ್ನು ನೇರವಾಗಿ ಸರ್ವರಿಗೆ ಕಳಿಸುವ ವಿಧಾನ) ಬಳಸಿ. ತಾಣದ ಪುಟದಿಂದಲೇ ಏರಿಸಲು ಹೋದರೆ ಪಿಎಚ್‌ಪಿಯ ಮೂಲ ಮಿತಿ ಕೇವಲ 2 ಎಂಬಿ. ಹೋಸ್ಟಿಂಗ್‌ನವರು ಅದನ್ನು ಹೆಚ್ಚಿಸಿದ್ದರೂ ದೊಡ್ಡ ವಿಡಿಯೊಗೆ ಅದು ದಾರಿಯಲ್ಲ.

ಹ್ಯಾಂಡ್‌ಬ್ರೇಕ್ ತೆರೆದಿದ್ದೀರಿ, ಅಲ್ಲೇ ‘ವೆಬ್ ಆಪ್ಟಿಮೈಸ್ಡ್’ ಎಂಬ ಚೌಕವಿದೆ, ಗುರುತು ಹಾಕಿ. ಇದನ್ನು ಯಾರೂ ಕೇಳುವುದಿಲ್ಲ, ಆದರೆ ‘ವಿಡಿಯೊ ಶುರುವಾಗಲು ಇಷ್ಟು ಹೊತ್ತೇಕೆ’ ಎಂದು ಗೊಣಗುತ್ತಾರೆ. ಎಂಪಿ4 ಒಳಗೆ ‘ಮೂವ್’ ಎಂಬ ಸೂಚಿಯೊಂದಿದೆ: ಯಾವ ಚೌಕಟ್ಟು (ಫ್ರೇಮ್) ಎಲ್ಲಿದೆ ಎಂಬ ಲೆಕ್ಕ. ಚಿತ್ರೀಕರಣ ಮುಗಿಯದೆ ಆ ಲೆಕ್ಕ ಪೂರ್ಣವಾಗುವುದಿಲ್ಲವಾದ್ದರಿಂದ ಫೋನು ಅದನ್ನು ಸಾಮಾನ್ಯವಾಗಿ ಕಡತದ ಕೊನೆಗೆ ಬರೆಯುತ್ತದೆ. ಬ್ರೌಸರಿಗೆ ಅದು ಸಿಗದೆ ಮೊದಲ ಚೌಕಟ್ಟೂ ಕಾಣದು. ಆ ಗುರುತು ಸೂಚಿಯನ್ನು ಮುಂದಕ್ಕೆ ತರುತ್ತದೆ. ವಿಡಿಯೊಗೆ ನೇರ ಕೊಂಡಿ ಕೊಡದೆ ಪಿಎಚ್‌ಪಿ ಸ್ಕ್ರಿಪ್ಟಿನ ಮೂಲಕ ಹಾಯಿಸುವ ಜಾಣತನವನ್ನೂ ಬಿಡಿ. ಬ್ರೌಸರು ಕಡತದ ಬೇಕಾದ ತುಂಡನ್ನಷ್ಟೇ ಕೇಳಿ ಪಡೆಯುವ ವ್ಯವಸ್ಥೆಯನ್ನು ಅಂಥ ಸ್ಕ್ರಿಪ್ಟುಗಳು ಬಹಳ ಸಲ ಮರೆತಿರುತ್ತವೆ, ಆಗ ಐಫೋನಿನ ಸಫಾರಿ ವಿಡಿಯೊ ಓಡಿಸುವುದೇ ಇಲ್ಲ.