ಎಂಟು ಸಾವಿರ ವಿಳಾಸಗಳಿವೆ, ಒಪ್ಪಿಗೆ ಯಾರದೂ ಇಲ್ಲ: ನ್ಯೂಸ್‌ಲೆಟರ್ ಕಳಿಸಬಹುದೇ?

ಪ್ರಶ್ನೆ: ನಮ್ಮದು ಸಣ್ಣ ವ್ಯಾಪಾರ. ಹಲವು ವರ್ಷಗಳ ಬಿಲ್ಲುಗಳು, ವಿಚಾರಣೆಯ ಪತ್ರಗಳು, ವಿಸಿಟಿಂಗ್ ಕಾರ್ಡುಗಳಿಂದ ಸುಮಾರು 8,000 ಇಮೇಲ್ ವಿಳಾಸಗಳು ಒಟ್ಟಾಗಿವೆ. ಇವರಿಗೆಲ್ಲ ತಿಂಗಳಿಗೊಂದು ನ್ಯೂಸ್‌ಲೆಟರ್ ಕಳಿಸಬೇಕೆಂದಿದ್ದೇವೆ. ಮೊದಲು ಒಪ್ಪಿಗೆ ಕೇಳಲು ಹೊರಟರೆ ಪಟ್ಟಿಯ ಮುಕ್ಕಾಲು ಪಾಲು ಕರಗಿಹೋದೀತು. ಬೇಡವೆನಿಸಿದವರು ಹೇಗೂ ಅಳಿಸಿಹಾಕುತ್ತಾರೆ; ಹಾಗಿರುವಾಗ ಎಲ್ಲರಿಗೂ ಕಳಿಸುವುದರಿಂದ ನಷ್ಟವೇನು?

ಉತ್ತರ: ಬೇಡವೆನಿಸಿದವರು ಸುಮ್ಮನೆ ಅಳಿಸಿಹಾಕುವುದಾದರೆ ನಷ್ಟ ಅಷ್ಟಾಗಿ ಇರುತ್ತಿರಲಿಲ್ಲ. ಅವರಲ್ಲಿ ಕೆಲವರು ಅಳಿಸುವ ಬದಲು ‘ಸ್ಪ್ಯಾಮ್’ ಗುಂಡಿಯನ್ನು ಒತ್ತುತ್ತಾರೆ, ಮತ್ತು ಆ ಒಂದು ಒತ್ತಿನ ಪರಿಣಾಮ ಅವರ ಇನ್‌ಬಾಕ್ಸಿನಲ್ಲಿಯೇ ನಿಂತುಬಿಡುವುದಿಲ್ಲ. ಜಿಮೇಲ್, ಯಾಹೂ, ಔಟ್‌ಲುಕ್‌ನಂಥ ಇಮೇಲ್ ಸೇವೆಗಳು ಪತ್ರವನ್ನು ಕಳಿಸುತ್ತಿರುವ ಡೊಮೇನ್ (ಇಮೇಲ್ ವಿಳಾಸದಲ್ಲಿ @ ಗುರುತಿನ ನಂತರ ಬರುವ ಹೆಸರು) ಎಂಥದು, ಅದರ ಹಿಂದಿನ ಪತ್ರಗಳನ್ನು ಪಡೆದವರು ಏನು ಮಾಡಿದರು ಎಂಬುದನ್ನು ಲೆಕ್ಕವಿಟ್ಟುಕೊಂಡು ಮುಂದಿನ ಪತ್ರ ಇನ್‌ಬಾಕ್ಸಿಗೆ ಹೋಗಬೇಕೋ ಸ್ಪ್ಯಾಮ್ ಫೋಲ್ಡರಿಗೆ ಹೋಗಬೇಕೋ ಎಂದು ತೀರ್ಮಾನಿಸುತ್ತವೆ. ಆದ್ದರಿಂದ ನಿಮ್ಮ ಪತ್ರವನ್ನು ಕೇಳದೆಯೇ ಪಡೆದವರ ಕಿರಿಕಿರಿಗೆ ದಂಡ ತೆರುವವರು, ಅದನ್ನು ನಿಜವಾಗಿಯೂ ಓದಬಯಸುವ ಗ್ರಾಹಕರು: ಅವರಿಗೆ ಪತ್ರ ತಲುಪುವುದೇ ಇಲ್ಲ, ತಲುಪಲಿಲ್ಲವೆಂಬುದು ನಿಮಗೆ ತಿಳಿಯುವುದೂ ಇಲ್ಲ. ಅಷ್ಟೇ ಅಲ್ಲ, ಬಿಲ್ಲು ಮತ್ತು ಆರ್ಡರಿನ ವಿವರಗಳನ್ನು ನೀವು ಇದೇ ಡೊಮೇನಿನಿಂದ ಕಳಿಸುತ್ತಿದ್ದರೆ ಅವೂ ಸ್ಪ್ಯಾಮ್ ಫೋಲ್ಡರಿಗೆ ಬೀಳತೊಡಗಬಹುದು.

ಈ ಲೆಕ್ಕ ಎಷ್ಟು ಬಿಗಿಯಾಗಿದೆ ಎಂಬುದನ್ನು ಗಮನಿಸಿ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಜಾರಿಗೆ ತಂದ ನಿಯಮಗಳ ಪ್ರಕಾರ ಸ್ಪ್ಯಾಮ್ ದೂರಿನ ಪ್ರಮಾಣ ಶೇ 0.3ನ್ನು ಮುಟ್ಟಬಾರದು, ಶೇ 0.1ಕ್ಕಿಂತ ಕೆಳಗಿರಲಿ ಎಂಬುದು ಗೂಗಲ್‌ನ ಸಲಹೆ. ಎಂದರೆ ಇನ್‌ಬಾಕ್ಸ್ ತಲುಪಿದ ಪ್ರತಿ ಸಾವಿರ ಪತ್ರಗಳಿಗೆ ಮೂವರು ಗುಂಡಿ ಒತ್ತಿದರೆ ಮಿತಿ ಮುಟ್ಟಿದಂತೆಯೇ. ಹೆಸರನ್ನೇ ಮರೆತಿರುವ ಅಂಗಡಿಯಿಂದ ಐದು ವರ್ಷಗಳ ಬಳಿಕ ಜಾಹೀರಾತು ಬಂದಾಗ, ಸಾವಿರ ಜನರಲ್ಲಿ ಮೂವರು ಸಿಡುಕುವುದಿಲ್ಲ ಎಂದು ನಾನಂತೂ ನಂಬಲಾರೆ.

ಹಳೆಯ ಪಟ್ಟಿಗೆ ಇನ್ನೊಂದು ಅಪಾಯವೂ ಅಂಟಿಕೊಂಡಿದೆ. ಜನರು ಕೆಲಸ ಬದಲಿಸುತ್ತಾರೆ, ವಿಳಾಸಗಳು ಸಾಯುತ್ತವೆ, ಅಂಥವಕ್ಕೆ ಹೋದ ಪತ್ರ ಬೌನ್ಸ್ ಆಗಿ ಹಿಂತಿರುಗುತ್ತದೆ. ಬಳಕೆ ತಪ್ಪಿದ ಕೆಲವು ವಿಳಾಸಗಳನ್ನು ಇಮೇಲ್ ಸೇವೆಗಳೂ ಸ್ಪ್ಯಾಮ್ ತಡೆಯುವ ಸಂಸ್ಥೆಗಳೂ ಮತ್ತೆ ಜೀವಂತಗೊಳಿಸಿ ಬಲೆಯಾಗಿ ಬಳಸುವುದುಂಟು. ಆ ವಿಳಾಸದ ಹಿಂದೆ ಯಾವ ಮನುಷ್ಯನೂ ಇಲ್ಲವಾದ್ದರಿಂದ, ಅಲ್ಲಿಗೆ ಪತ್ರ ಕಳಿಸಿದವರು ಪಟ್ಟಿಯನ್ನು ಶುಚಿಯಾಗಿಟ್ಟುಕೊಂಡಿಲ್ಲ ಎಂಬುದು ಒಮ್ಮೆಗೇ ಬಯಲಾಗುತ್ತದೆ. ಹಣ ಕೊಟ್ಟು ಕೊಂಡ ಪಟ್ಟಿಗಳಲ್ಲಿ ಇಂಥ ಬಲೆಗಳು ಇರುವ ಸಂಭವ ಹೆಚ್ಚು. ಕೊಂಡ ಪಟ್ಟಿಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ: ಬೇಡ.

ಕಾನೂನಿನ ಮಾತು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ ಮುಂಚಿತ ಒಪ್ಪಿಗೆಯನ್ನು ಕೇಳುವುದಿಲ್ಲ. ಬೇಡವೆಂದವರನ್ನು 10 ಕೆಲಸದ ದಿನಗಳೊಳಗೆ ಕೈಬಿಡಬೇಕು, ಪತ್ರದಲ್ಲಿ ಸಂಸ್ಥೆಯ ಅಂಚೆ ವಿಳಾಸ ಇರಬೇಕು ಎನ್ನುತ್ತದೆ. 2014ರಲ್ಲಿ ಜಾರಿಗೆ ಬಂದ ಕೆನಡಾದ ಕಾನೂನು ಮತ್ತು 2018ರ ಮೇ 25ರಿಂದ ಅನ್ವಯವಾದ ಯುರೋಪಿನ ಖಾಸಗಿ ಮಾಹಿತಿ ರಕ್ಷಣೆಯ ಕಾನೂನಾದ ಜಿಡಿಪಿಆರ್ ಒಪ್ಪಿಗೆಯ ವಿಷಯದಲ್ಲಿ ಇದಕ್ಕಿಂತ ಬಹಳ ಕಟ್ಟುನಿಟ್ಟು. ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ಜಿಡಿಪಿಆರ್ ಒಪ್ಪಿಗೆಯೆಂದು ಪರಿಗಣಿಸುವುದಿಲ್ಲ. ನಿಮ್ಮ ಗ್ರಾಹಕರು ಇರುವ ದೇಶದ ನಿಯಮವನ್ನು ತಿಳಿದುಕೊಳ್ಳಲೇಬೇಕು. ಆದರೆ ಕಾನೂನು ಸಡಿಲವಾಗಿದೆ ಎಂಬ ಕಾರಣಕ್ಕೆ ಇಮೇಲ್ ಸೇವೆಗಳು ಸಡಿಲವಾಗುವುದಿಲ್ಲ.

ಹಾಗಾದರೆ ಆ 8,000 ವಿಳಾಸಗಳನ್ನು ಏನು ಮಾಡಬೇಕು? “ನಮ್ಮ ನ್ಯೂಸ್‌ಲೆಟರ್ ನಿಮಗೆ ಬೇಕೇ?” ಎಂದು ಎಲ್ಲರಿಗೂ ಒಂದೇ ಒಂದು ಪತ್ರ ಕಳಿಸಿ ಕೇಳಿಬಿಡೋಣ ಎಂಬುದು ಸಹಜವಾಗಿ ಹೊಳೆಯುವ ಉಪಾಯ. ಅದೂ ನಿರಪಾಯಕಾರಿಯಲ್ಲ. 2017ರಲ್ಲಿ, ಜನರ ಖಾಸಗಿ ಮಾಹಿತಿಯ ರಕ್ಷಣೆಯನ್ನು ನೋಡಿಕೊಳ್ಳುವ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಫ್ಲೈಬಿ ವಿಮಾನ ಸಂಸ್ಥೆಗೆ 70,000 ಪೌಂಡ್, ಹೋಂಡಾದ ಯುರೋಪ್ ಕಂಪನಿಗೆ 13,000 ಪೌಂಡ್ ದಂಡ ವಿಧಿಸಿದ್ದು ಸರಿಸುಮಾರು ಇಂಥದೇ ಪತ್ರಗಳಿಗಾಗಿ. ‘ನಿಮ್ಮ ಆಯ್ಕೆಯನ್ನು ತಿಳಿಸಿ’ ಎಂದು ಕೇಳುವ ಪತ್ರವೂ ಪ್ರಚಾರದ ಪತ್ರವೇ ಎಂಬುದು ಆ ಕಚೇರಿಯ ನಿಲುವಾಗಿತ್ತು.

ಆದ್ದರಿಂದ ನಿಧಾನದ ದಾರಿಯೇ ಲೇಸು. ಹೇಗೂ ನಡೆಯುವ ವ್ಯವಹಾರದ ನಡುವೆ, ಅಂದರೆ ಖರೀದಿಯ ಪುಟದಲ್ಲಿ, ಕೌಂಟರಿನಲ್ಲಿ, ವಿಚಾರಣೆಗೆ ಉತ್ತರಿಸುವಾಗ, ಕೇಳುವ ಏರ್ಪಾಡು ಮಾಡಿಕೊಳ್ಳಿ. ಕೇಳುವಾಗ ಮೂರು ಸಂಗತಿಗಳು ಸ್ಪಷ್ಟವಾಗಿರಲಿ: ಏನು ಬರುತ್ತದೆ, ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಯಾರ ಹೆಸರಿನಿಂದ ಬರುತ್ತದೆ. ವಿಳಾಸ ಕೊಟ್ಟ ಕೂಡಲೇ ಒಂದು ದೃಢೀಕರಣದ ಪತ್ರ ಹೋಗಿ, ಅದರಲ್ಲಿನ ಕೊಂಡಿಯನ್ನು ಒತ್ತಿದ ಬಳಿಕವೇ ಹೆಸರು ಪಟ್ಟಿಗೆ ಸೇರುವಂತಿದ್ದರೆ ಇನ್ನೂ ಒಳ್ಳೆಯದು. ಡಬಲ್ ಆಪ್ಟ್-ಇನ್ ಎಂದು ಕರೆಯಲಾಗುವ ಈ ಎರಡನೆಯ ಮೆಟ್ಟಿಲಲ್ಲಿ ಕೆಲವರು ಉದುರಿಹೋಗುತ್ತಾರೆ ಎಂಬ ಆಕ್ಷೇಪ ನಿಜ. ಆದರೆ ಉದುರುವವುಗಳಲ್ಲಿ ತಪ್ಪಾಗಿ ಟೈಪಾದ ವಿಳಾಸಗಳು, ಬೇರೆಯವರು ತಮಾಷೆಗೆ ತುಂಬಿದ ವಿಳಾಸಗಳು, ಫಾರ್ಮುಗಳನ್ನು ತಾವಾಗಿಯೇ ತುಂಬುವ ಬಾಟ್‌ಗಳ ವಿಳಾಸಗಳೂ ಸೇರಿರುತ್ತವೆ. ಯಾರು ಯಾವ ದಿನ, ಯಾವ ಫಾರ್ಮಿನಲ್ಲಿ, ಯಾವ ಮಾತಿಗೆ ಒಪ್ಪಿದರು ಎಂಬ ದಾಖಲೆಯನ್ನು ಇಟ್ಟುಕೊಳ್ಳಿ. ದೂರು ಬಂದ ದಿನ ಅದೊಂದೇ ಕೈಹಿಡಿಯುವುದು.

ಒಪ್ಪಿದವರಿಗೆ ಮೊದಲ ಪತ್ರ ಅದೇ ದಿನ ಹೋಗಲಿ. ಮೂರು ತಿಂಗಳು ಸುಮ್ಮನಿದ್ದು ಆಮೇಲೆ ಬರೆದರೆ ಅವರು ತಾವು ಒಪ್ಪಿದ್ದನ್ನೇ ಮರೆತಿರುತ್ತಾರೆ. ತಿಂಗಳಿಗೊಂದು ಎಂದು ಹೇಳಿ ಹಬ್ಬದ ಮಾರಾಟದ ನೆಪದಲ್ಲಿ ವಾರಕ್ಕೆ ನಾಲ್ಕು ಕಳಿಸುವುದು ಕೊಟ್ಟ ಮಾತನ್ನು ಮುರಿದಂತೆ. ಪತ್ರದ ಒಳಗೆ ನಿಮ್ಮ ವಸ್ತುವನ್ನು ಕೊಂಡವರಿಗೆ ಉಪಯೋಗಕ್ಕೆ ಬರುವ ಒಂದಾದರೂ ಸಂಗತಿ ಇರಲಿ: ಬಳಸುವ ಬಗೆ, ಹಾಳಾಗದಂತೆ ಕಾಪಾಡುವ ಬಗೆ, ಗ್ರಾಹಕರು ಪದೇ ಪದೇ ಕೇಳುವ ಪ್ರಶ್ನೆಗೆ ಉತ್ತರ. ಇಡೀ ಪತ್ರವನ್ನು ಒಂದೇ ದೊಡ್ಡ ಚಿತ್ರವಾಗಿ ಕಳಿಸುವ ಅಭ್ಯಾಸ ಕೆಲವರಿಗಿದೆ. ಚಿತ್ರಗಳನ್ನು ತಡೆಹಿಡಿದಿರುವ ಇನ್‌ಬಾಕ್ಸಿನಲ್ಲಿ ಅದು ಖಾಲಿ ಚೌಕವಾಗಿ ಕಾಣುತ್ತದೆ. ಪತ್ರದ ಎಚ್‌ಟಿಎಂಎಲ್ (ಪತ್ರದ ಪಠ್ಯ ಮತ್ತು ವಿನ್ಯಾಸವನ್ನು ಬರೆದಿರುವ ಕೋಡ್) ಸುಮಾರು 102 ಕೆಬಿ ಮೀರಿದರೆ ಜಿಮೇಲ್ ಉಳಿದ ಭಾಗವನ್ನು ಕತ್ತರಿಸಿ ಬಚ್ಚಿಡುತ್ತದೆ, ಆಗ ಕೊನೆಯಲ್ಲಿರುವ ಅನ್‌ಸಬ್‌ಸ್ಕ್ರೈಬ್ ಕೊಂಡಿಯೂ ಕಾಣದಾಗುತ್ತದೆ. ಇನ್ನು ಮರಳಿ ಬರೆದರೆ ಯಾರೂ ಓದದ ‘ನೋ-ರಿಪ್ಲೈ’ ವಿಳಾಸ: ಗ್ರಾಹಕರ ಕದ ತಟ್ಟಿ, ಅವರು ಬಾಯಿ ತೆರೆಯುವಷ್ಟರಲ್ಲಿ ಕಿವಿ ಮುಚ್ಚಿಕೊಳ್ಳುವ ಈ ಪದ್ಧತಿ ನನಗೆ ಎಂದೂ ಅರ್ಥವಾಗಿಲ್ಲ.

ಎಷ್ಟು ಜನ ಪತ್ರ ತೆರೆದರು ಎಂಬ ಅಂಕಿಯನ್ನು ನೆಚ್ಚಿಕೊಳ್ಳಬೇಡಿ. ಪತ್ರದೊಳಗಿನ ಕಣ್ಣಿಗೆ ಕಾಣದ ಪುಟ್ಟ ಚಿತ್ರವೊಂದು ಲೋಡ್ ಆಯಿತೇ ಎಂಬುದರಿಂದ ಆ ಅಂಕಿ ಸಿಗುತ್ತದೆ. 2021ರ ಸೆಪ್ಟೆಂಬರಿನಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಖಾಸಗಿತನದ ರಕ್ಷಣೆಯನ್ನು ತಂದ ಮೇಲೆ, ಅದನ್ನು ಆಯ್ದುಕೊಂಡವರ ಪತ್ರಗಳ ಚಿತ್ರಗಳು ಅವರು ತೆರೆಯುವ ಮೊದಲೇ ಲೋಡ್ ಆಗಿಬಿಡುತ್ತವೆ. ಓದದವರೂ ಓದಿದಂತೆ ಲೆಕ್ಕಕ್ಕೆ ಬರುತ್ತಾರೆ. ಕೊಂಡಿಗಳನ್ನು ಒತ್ತಿದವರು, ಮರಳಿ ಬರೆದವರು, ಪತ್ರದ ಮೂಲಕ ಬಂದು ಕೊಂಡವರು ಎಷ್ಟೆಂಬುದೇ ಹೆಚ್ಚು ನಂಬಬಹುದಾದ ಲೆಕ್ಕ.

ತಾಂತ್ರಿಕ ಕೆಲಸವನ್ನು, ನ್ಯೂಸ್‌ಲೆಟರ್ ಕಳಿಸಲು ನೀವು ಬಳಸುವ ಸೇವೆಯವರಿಂದಲೇ ಮಾಡಿಸಿಕೊಳ್ಳಬಹುದು: ಪತ್ರ ನಿಮ್ಮ ಡೊಮೇನಿನಿಂದಲೇ ಹೊರಟಿದೆ ಎಂದು ಸಾಬೀತುಪಡಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆಗಳು ಸರಿಯಾಗಿರಬೇಕು. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳಿಸುವವರಿಗೆ ಈ ಮೂರೂ ಕಡ್ಡಾಯ. ಅಂಥವರ ಪ್ರಚಾರದ ಪತ್ರಗಳಲ್ಲಿ ಒಂದೇ ಒತ್ತಿಗೆ ಹೊರಬರುವ ಸೌಲಭ್ಯವೂ ಇರಬೇಕು, ಬೇಡವೆಂದವರನ್ನು ಎರಡು ದಿನಗಳೊಳಗೆ ಕೈಬಿಡಬೇಕು. ನಿಮ್ಮ ಪಟ್ಟಿ ಎಷ್ಟೇ ಚಿಕ್ಕದಿರಲಿ, ಹೊರಹೋಗುವ ಬಾಗಿಲನ್ನು ಮರೆಮಾಡಬೇಡಿ. ಅದು ಸಿಗದವರು ಒತ್ತುವುದು ಸ್ಪ್ಯಾಮ್ ಗುಂಡಿಯನ್ನೇ.

ಹೊರಹೋದವರ ವಿಳಾಸವನ್ನು ಮಾತ್ರ ಪೂರ್ತಿ ಅಳಿಸಿಹಾಕದೆ ‘ಇವರಿಗೆ ಕಳಿಸಬಾರದು’ ಎಂಬ ಪ್ರತ್ಯೇಕ ಪಟ್ಟಿಯಲ್ಲಿ ಇಡಿ. ಇಲ್ಲವಾದರೆ ಮುಂದೊಂದು ದಿನ ಕಚೇರಿಯಲ್ಲಿ ಯಾರೋ ಹಳೆಯ ಎಕ್ಸೆಲ್ ಕಡತವನ್ನು ಮತ್ತೆ ಅಪ್‌ಲೋಡ್ ಮಾಡುತ್ತಾರೆ, ಬೇಡವೆಂದು ಹೋದವರೆಲ್ಲ ಯಾರಿಗೂ ತಿಳಿಯದಂತೆ ಪಟ್ಟಿಯೊಳಕ್ಕೆ ವಾಪಸಾಗಿರುತ್ತಾರೆ.