ಸಿಕಲ್ ಸೆಲ್: ರಿಪೋರ್ಟ್ ಓದುದು ಹೇಗೆ, ನಮ್ಮ ಬ್ಯಾಚಿನವ್ರಿಗೆ ನೋಟ್ಸ್

ಸಿಕಲ್ ಸೆಲ್ ಅಂದ್ರೆ ಅಪ್ಪ ಅಮ್ಮನಿಂದ ಬರುವ, ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಗ್ಗುವ ರೋಗ. ಪರೀಕ್ಷೆಗೆ ಎಲ್ರೂ ಬಗ್ಗಿದ ಕಣದ ಚಿತ್ರ ಬಿಡಿಸಿ ಹೋಗ್ತಾರೆ, ವೈವಾದಲ್ಲಿ ರಿಪೋರ್ಟ್ ಕೈಗೆ ಕೊಟ್ರೆ ಮಾತ್ರ ಬಾಯಿ ಕಟ್ತದೆ ಮಾರ್ರೆ. ಹಾಗಾಗಿ ಕಾರಣದ ಭಾಗ ಬೇಗ ಮುಗಿಸ್ತೇನೆ. 11ನೇ ಕ್ರೋಮೋಸೋಮಿನಲ್ಲಿ ಹಿಮೋಗ್ಲೋಬಿನ್ನಿನ ಒಂದು ಭಾಗವಾದ ಬೀಟಾ ಗ್ಲೋಬಿನ್ನಿನ ಜೀನ್ ಉಂಟು, ಅದ್ರಲ್ಲಿ ಡಿಎನ್ಎಯ ಒಂದೇ ಅಕ್ಷರ ಬದಲು, ಎ ಇರುವಲ್ಲಿ ಟಿ, ಅಷ್ಟಕ್ಕೇ 6ನೇ ಜಾಗದಲ್ಲಿ ಗ್ಲುಟಾಮಿಕ್ ಆಸಿಡ್ ಅನ್ನುವ ಅಮೈನೋ ಆಸಿಡ್ ಹೋಗಿ ವ್ಯಾಲಿನ್ ಬರ್ತದೆ. ಆಕ್ಸಿಜನ್ ಕಡಿಮೆ ಆದಾಗ ಈ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಂಡು ಕಣ ಗಟ್ಟಿಯಾಗಿ ಬಗ್ಗಿ ಸಣ್ಣ ರಕ್ತನಾಳದಲ್ಲಿ ಸಿಕ್ಕಿಹಾಕಿಕೊಳ್ತದೆ, ಆ ಜೀವ ಹೋಗುವ ನೋವು ಬರುದು ಇದ್ರಿಂದ. 120 ದಿನ ಬಾಳ್ಬೇಕಾದ ಕಣ 10-20 ದಿನಕ್ಕೇ ಒಡೆದು ಹೋದ್ರೆ ರಕ್ತ ಕಮ್ಮಿ ಆಗದೆ ಇರ್ತದಾ?

ಈಗ ಮುಖ್ಯ ವಿಷಯ. ಈ ಬದಲಾದ ಜೀನ್‌ಗೆ ಎಸ್, ನಾರ್ಮಲ್ ಜೀನ್‌ಗೆ ಎ ಅಂತಾರೆ. ಅಪ್ಪ ಅಮ್ಮ ಇಬ್ಬರಿಂದಲೂ ಎಸ್ ಜೀನ್ ಬಂದ್ರೆ ಎಸ್‌ಎಸ್, ರೋಗ. ಒಬ್ಬರಿಂದ ಮಾತ್ರ ಬಂದ್ರೆ ಎಎಸ್, ಅಂದ್ರೆ ಕ್ಯಾರಿಯರ್, ರೋಗಿ ಅಲ್ಲ, ಸಾಮಾನ್ಯವಾಗಿ ಒಂದು ಲಕ್ಷಣವೂ ಇರುದಿಲ್ಲ. ಈ ಜೀನ್ ಇಷ್ಟು ಕಾಲ ಉಳಿದದ್ದು ಎಂತಕ್ಕೆ ಅಂದ್ರೆ ಕ್ಯಾರಿಯರ್‌ಗಳಿಗೆ ಫಾಲ್ಸಿಪಾರಂ ಮಲೇರಿಯಾ ಜೋರಾಗುದು ಕಡಿಮೆ, ಆಲಿಸನ್ ಅನ್ನುವ ವಿಜ್ಞಾನಿ 1954ರಲ್ಲಿ ತೋರಿಸಿದ್ದು ಇದನ್ನೇ. ಮಂಗಳೂರಿನವ್ರಿಗೆ ಮಲೇರಿಯಾ ಹೊಸತಲ್ಲ, ಆದ್ರೆ ನಮ್ಮಲ್ಲಿ ಹೆಚ್ಚು ಕಂಡದ್ದು ವೈವಾಕ್ಸ್ ಅನ್ನುವ ಬೇರೆ ಜಾತಿಯ ಮಲೇರಿಯಾ, ಎರಡನ್ನೂ ಸೇರಿಸಿ ಬರೀಬೇಡಿ.

ಕ್ಯಾಂಪಿನಲ್ಲಿ ಮೊದಲು ಮಾಡುದು ಸೊಲ್ಯುಬಿಲಿಟಿ ಟೆಸ್ಟ್. ಡೈಥಿಯೋನೈಟ್ (ಆಕ್ಸಿಜನ್ ತೆಗೆಯುವ ರಾಸಾಯನಿಕ) ಇರುವ ದ್ರಾವಣಕ್ಕೆ ಚೂರು ರಕ್ತ ಹಾಕಿ ಐದಾರು ನಿಮಿಷ ಬಿಟ್ಟು, ಟ್ಯೂಬಿನ ಹಿಂದೆ ಕಪ್ಪು ಗೆರೆ ಇರುವ ಕಾರ್ಡ್ ಹಿಡೀಬೇಕು. ಗೆರೆ ಕಂಡ್ರೆ ನೆಗೆಟಿವ್, ದ್ರಾವಣ ಕದಡಿ ಗೆರೆ ಮಾಯ ಆದ್ರೆ ಪಾಸಿಟಿವ್. ಪಾಸಿಟಿವ್ ಅಂದ ಕೂಡ್ಲೆ ಮನೆಯವ್ರು ಅಳ್ಲಿಕ್ಕೆ ಶುರು ಮಾಡ್ತಾರೆ, ಆದ್ರೆ ಈ ಟೆಸ್ಟಿಗೆ ಎಎಸ್ ಯಾವುದು ಎಸ್‌ಎಸ್ ಯಾವುದು ಅಂತ ಗೊತ್ತೇ ಆಗುದಿಲ್ಲ. ಆರು ತಿಂಗಳ ಒಳಗಿನ ಮಗುವಿಗೆ ಸುಳ್ಳು ನೆಗೆಟಿವ್ ಬರಬಹುದು, ಬೀಟಾ ಥಲಸ್ಸೀಮಿಯಾ (ಬೀಟಾ ಗ್ಲೋಬಿನ್ ಕಡಿಮೆ ತಯಾರಾಗುವ, ವಂಶದಿಂದ ಬರುವ ಇನ್ನೊಂದು ರಕ್ತರೋಗ) ಕ್ಯಾರಿಯರ್ ಅಂತೂ ಇದ್ರ ಕಣ್ಣಿಗೇ ಬೀಳುದಿಲ್ಲ. ಇದು ದೊಡ್ಡ ಗುಂಡಿ, ಯಾಕಂದ್ರೆ ಒಬ್ಬರಿಗೆ ಎಸ್, ಇನ್ನೊಬ್ಬರಿಗೆ ಥಲಸ್ಸೀಮಿಯಾ ಜೀನ್ ಇದ್ರೂ ಮಗುವಿಗೆ ರೋಗ ಬರುವ ಸಾಧ್ಯತೆ 25%.

ಹಾಗಾಗಿ ಎಚ್‌ಪಿಎಲ್‌ಸಿ ಬೇಕೇ ಬೇಕು, ರಕ್ತದಲ್ಲಿ ಯಾವ ಹಿಮೋಗ್ಲೋಬಿನ್ ಎಷ್ಟು ಉಂಟು ಅಂತ ಬಿಡಿಸಿ ಹೇಳುವ ಟೆಸ್ಟ್ ಅದು. ಎ (ನಾರ್ಮಲ್ ಹಿಮೋಗ್ಲೋಬಿನ್) ಹೆಚ್ಚು, ಎಸ್ ಅದಕ್ಕಿಂತ ಕಡಿಮೆ ಇದ್ರೆ ಕ್ಯಾರಿಯರ್. ಎ ಇಲ್ಲವೇ ಇಲ್ಲ, ಎಸ್ ತುಂಬಾ, ಜೊತೆಗೆ ಸ್ವಲ್ಪ ಎಫ್ (ಹೊಟ್ಟೆಯೊಳಗಿನ ಶಿಶುವಿನ ಹಿಮೋಗ್ಲೋಬಿನ್) ಇದ್ರೆ ಎಸ್‌ಎಸ್ ಕಡೆಗೆ ಯೋಚಿಸಿ. ಎ ಇದ್ದೂ ಎಸ್ ಅದಕ್ಕಿಂತ ಜಾಸ್ತಿ ಬಂದ್ರೆ ಥಲಸ್ಸೀಮಿಯಾ ಸೇರಿದೆಯಾ ಅಂತ ನೋಡಿ, ಆದ್ರೆ ಮೂರು ತಿಂಗಳೊಳಗೆ ರಕ್ತ ಹಾಕಿಸಿದ್ದಾರಾ ಅಂತ ಮೊದಲು ಕೇಳಿ, ಇಲ್ಲಾಂದ್ರೆ ರಕ್ತ ಕೊಟ್ಟವನ ಎ ಓದಿ ತೀರ್ಪು ಹೇಳಿದ ಹಾಗೆ ಆಗ್ತದೆ.

ಕೇಂದ್ರ ಸರ್ಕಾರದ ಸಿಕಲ್ ಸೆಲ್ ಮಿಷನ್ 2023 ಜುಲೈ 1ಕ್ಕೆ ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರು ಆದದ್ದು, 40 ವರ್ಷದ ಒಳಗಿನ 7 ಕೋಟಿ ಜನರ ಸ್ಕ್ರೀನಿಂಗ್ ಗುರಿ, 17 ರಾಜ್ಯಗಳಲ್ಲಿ ಕರ್ನಾಟಕವೂ ಉಂಟು. ಗುರಿ ಮುಖ್ಯವಾಗಿ ಬುಡಕಟ್ಟು ಜನ ಇರುವ ಪ್ರದೇಶಗಳು, ಹಾಗಂತ ಜೀನ್ ಜಾತಿ ಕೇಳಿ ಬರುದಿಲ್ಲ.

ನಮ್ಮೂರಿನ ಲೆಕ್ಕ ಒಂದು ಹೇಳ್ತೇನೆ. ತುಳುವರಲ್ಲಿ ಬರಿ, ಅಂದ್ರೆ ಕುಲ, ಅಮ್ಮನಿಂದ ಬರುದು, ಹಾಗಾಗಿ ಮಾವನ ಮಗಳ ಬರಿ ಬೇರೆ, ಮದುವೆಗೆ ಅಡ್ಡಿ ಇಲ್ಲ ಅಂತಾರೆ. ಜೀನ್‌ಗೆ ಬರಿ ಗಿರಿ ಏನೂ ಗೊತ್ತಿಲ್ಲ. ಹುಡುಗನಿಗೆ ಅಮ್ಮನ ಕಡೆಯಿಂದ ಎಸ್ ಬಂದಿದ್ರೆ, ಅಜ್ಜ ಅಜ್ಜಿಯಲ್ಲಿ ಒಬ್ಬರಿಗೆ ಇತ್ತು ಅಂತ ಲೆಕ್ಕ, ಮಾವನಿಗೆ ಇರುವ ಸಾಧ್ಯತೆ 2ರಲ್ಲಿ 1, ಮಾವನ ಮಗಳಿಗೆ 4ರಲ್ಲಿ 1. ಇಬ್ಬರೂ ಕ್ಯಾರಿಯರ್ ಆದ್ರೆ ಪ್ರತಿ ಸಲದ ಬಸಿರಿಗೂ 25%, ಮೊದಲ ಮಗುವಿಗೆ ಬಂತು ಇನ್ನು ಮೂರು ಸೇಫ್ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಕ್ಯಾರಿಯರ್ ಅಂತ ಮದುವೆ ಮುರಿಯುದು ನನಗಂತೂ ಒಪ್ಪಿಗೆ ಇಲ್ಲ, ಇನ್ನೊಬ್ಬರದ್ದು ನಾರ್ಮಲ್ ಇದ್ರೆ ಮಗುವಿಗೆ ರೋಗ ಬರುದೇ ಇಲ್ಲ. ಇಬ್ಬರೂ ಕ್ಯಾರಿಯರ್ ಆದ್ರೂ ಬಸಿರಿನ 10ರಿಂದ 13 ವಾರದ ಒಳಗೆ ಕೋರಿಯಾನಿಕ್ ವಿಲ್ಲಸ್ ಟೆಸ್ಟ್ (ಮಾಸದ ಚೂರು ತೆಗೆದು ಮಗುವಿನ ಜೀನ್ ನೋಡುದು) ಮಾಡಿಸಬಹುದು. ಕಾಲೇಜು ವಯಸ್ಸಿನಲ್ಲೇ ಟೆಸ್ಟ್ ಮಾಡಿಸಿ ಅನ್ನುದು ಇದಕ್ಕೇ, ಬಸಿರು ಗೊತ್ತಾದ ಮೇಲೆ ಅವಳದ್ದು ಮೊದಲು, ಆಮೇಲೆ ಅವನದ್ದು, ಆಮೇಲೆ ಜೀನ್ ಟೆಸ್ಟ್ ಅಂತ ಹೊರಟ್ರೆ ಆ ಮೂರು ವಾರ ಎಲ್ಲಿ ಹೋಯ್ತು ಅಂತಲೇ ಗೊತ್ತಾಗುದಿಲ್ಲ.